ಅಯೋನೈಸರ್ ಕೊಳ್ಳೋ ಮುಂಚೆ ಬೋರ್ ನೀರಿನ ರಿಪೋರ್ಟ್ ಕೈಯಲ್ಲಿರಲಿ: ಪಾವಗಡ, ಶಿರಾ, ಮಧುಗಿರಿ ಮನೆಗಳಿಗೆ ಪೂರ್ತಿ ಮಾಹಿತಿ

ಪಾವಗಡ: ಅಂಗಡಿ ಗಲ್ಲಾದ ಪಕ್ಕ ನಾಲ್ಕು ಗಾಜಿನ ಲೋಟ, ಸಣ್ಣ ಬಾಟಲಿಯಲ್ಲಿ ಬಣ್ಣದ ಹನಿ, ಎರಡು ಟೀ ಬ್ಯಾಗ್. "ಅಣ್ಣ, ಇದು ನೀವು ದಿನಾ ಕುಡಿಯೋ ನೀರು, ಇದು ನಮ್ಮ ಮಷೀನ್ ನೀರು, ನೀವೇ ನೋಡಿ." ಹತ್ತು ನಿಮಿಷದಲ್ಲಿ ಡೆಮೊ ಮುಗಿಯುತ್ತೆ, ಹನ್ನೊಂದನೇ ನಿಮಿಷಕ್ಕೆ ಇಎಂಐ ಲೆಕ್ಕ ಶುರು. ವಾಟರ್ ಅಯೋನೈಸರ್ ಅಥವಾ ಆಲ್ಕಲೈನ್ ವಾಟರ್ ಮಷೀನ್ ಮಾರಾಟ ಬಹುತೇಕ ನಡೆಯೋದು ಹೀಗೇ. ಬೆಲೆ ಕೆಲವು ಹತ್ತು ಸಾವಿರದಿಂದ ಹಿಡಿದು ಮೂರು-ನಾಲ್ಕು ಲಕ್ಷದವರೆಗೂ ಇದೆ. ಮಂಡಿ ನೋವು, ಸಕ್ಕರೆ ಕಾಯಿಲೆ, ಬಿಪಿ, ಗ್ಯಾಸ್ಟ್ರಿಕ್ ಎಲ್ಲಕ್ಕೂ ಈ ನೀರೇ ಮದ್ದು ಅನ್ನುವ ಮಾತೂ ಜೊತೆಗೆ ಬರುತ್ತೆ.

ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿ ಭಾಗದ ಮನೆಗಳಿಗೆ ಈ ವಿಷಯ ಬೇರೆ ಊರಿನವರಿಗಿಂತ ಹೆಚ್ಚು ಮುಖ್ಯ. ಕಾರಣ ಎಲ್ಲರಿಗೂ ಗೊತ್ತಿರೋದೇ: ಇಲ್ಲಿನ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರ ಬೆನ್ನು-ಮಂಡಿ ಬಿಗಿತ ಈ ಭಾಗಕ್ಕೆ ಹೊಸದಲ್ಲ. ಹಾಗಾಗಿ ಮೊದಲೇ ಸ್ಪಷ್ಟವಾಗಬೇಕಾದ ಮಾತು ಒಂದೇ. ಅಯೋನೈಸರ್ ನೀರಿನ ಪಿಎಚ್ ಬದಲಿಸುವ ಯಂತ್ರ. ಅದು ನೀರು ಶುದ್ಧ ಮಾಡುವ ಯಂತ್ರ ಅಲ್ಲ. ಫ್ಲೋರೈಡ್ ತೆಗೆಯುವ ಕೆಲಸಕ್ಕೆ ಅದನ್ನು ನಂಬಿ ಕೂರುವಂತಿಲ್ಲ.

ಯಂತ್ರದ ಒಳಗೆ ಏನಾಗುತ್ತೆ?

ಅಯೋನೈಸರ್ ಒಳಗೆ ಎರಡು ಭಾಗ. ಮೊದಲನೆಯದು ಫಿಲ್ಟರ್. ಸಾಮಾನ್ಯವಾಗಿ ಅದು ಆಕ್ಟಿವೇಟೆಡ್ ಕಾರ್ಬನ್, ಅಂದ್ರೆ ವಿಶೇಷವಾಗಿ ತಯಾರಿಸಿದ ಇದ್ದಿಲು. ನಲ್ಲಿ ನೀರಿನ ಕ್ಲೋರಿನ್ ವಾಸನೆ, ಸ್ವಲ್ಪ ಕೆಸರು, ಬಣ್ಣ ಇಲ್ಲಿ ನಿಲ್ಲುತ್ತೆ.

ಎರಡನೆಯದು ವಿದ್ಯುತ್ ವಿಭಜನೆಯ ಕೋಣೆ. ಪ್ಲಾಟಿನಂ ಲೇಪಿಸಿದ ಟೈಟಾನಿಯಂ ತಟ್ಟೆಗಳು ಸಾಲಾಗಿ ನಿಂತಿರುತ್ತವೆ. ತಟ್ಟೆಗಳ ನಡುವೆ ತೆಳುವಾದ ಪೊರೆ. ಕರೆಂಟ್ ಹರಿದಾಗ ಋಣ ತಟ್ಟೆಯ ಬದಿಯ ನೀರು ಕ್ಷಾರೀಯ ಆಗುತ್ತೆ, ಜೊತೆಗೆ ಒಂದಿಷ್ಟು ಹೈಡ್ರೋಜನ್ ಅನಿಲ ಅದರಲ್ಲಿ ಕರಗುತ್ತೆ. ಧನ ತಟ್ಟೆಯ ಬದಿಯ ನೀರು ಆಮ್ಲೀಯ ಆಗುತ್ತೆ. ಕ್ಷಾರೀಯ ನೀರು ಮೇಲಿನ ನಳಿಕೆಯಿಂದ ಲೋಟಕ್ಕೆ, ಆಮ್ಲೀಯ ನೀರು ಇನ್ನೊಂದು ಪೈಪಿನಿಂದ ಸಿಂಕಿಗೆ. ಯಂತ್ರ ನಡೆಯುವಷ್ಟು ಹೊತ್ತೂ ಎರಡೂ ಹರಿಯುತ್ತಲೇ ಇರುತ್ತವೆ. ಅಂದ್ರೆ ಕುಡಿಯುವ ನೀರಿನ ಜೊತೆಗೆ ಪಕ್ಕಕ್ಕೆ ಹೋಗುವ ನೀರೂ ಇದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿಸಿಕೊಳ್ಳುವ ಮನೆಯವರು ಇದನ್ನು ಲೆಕ್ಕಕ್ಕೆ ತಗೊಳ್ಳಬೇಕು.

ಇಷ್ಟೆಲ್ಲ ನಡೆಯಬೇಕಾದ್ರೆ ನೀರಿನಲ್ಲಿ ಲವಣ ಇರಲೇಬೇಕು. ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಇದ್ದರೆ ಕರೆಂಟ್ ಹರಿಯುತ್ತೆ. ಆರ್‌ಓ ನೀರು, ಮಳೆ ನೀರಿನಂಥ ಲವಣ ಕಮ್ಮಿ ಇರುವ ನೀರು ಹಾಕಿದ್ರೆ ಯಂತ್ರ ಓಡಿದ ಹಾಗೆ ಕಂಡರೂ ಪಿಎಚ್ ಸರಿಯಾಗಿ ಏರಲ್ಲ. ಹಾಗಂತ ಲವಣ ಅತಿಯಾಗಿದ್ರೂ ಕಷ್ಟ: ಗಡಸು ನೀರಿನ ಸುಣ್ಣ ತಟ್ಟೆಗೆ ಅಂಟಿಕೊಂಡು ಯಂತ್ರ ಬೇಗ ಸೊರಗುತ್ತೆ.

ಫ್ಲೋರೈಡ್ ಎಲ್ಲಿಗೆ ಹೋಗುತ್ತೆ?

ಇದ್ದಿಲಿನ ಫಿಲ್ಟರ್‌ಗೆ ಫ್ಲೋರೈಡ್ ಸಿಗಲ್ಲ, ನೈಟ್ರೇಟ್ ಕೂಡ ಸಿಗಲ್ಲ. ಇವೆರಡೂ ನೀರಿನಲ್ಲಿ ಪೂರ್ತಿ ಕರಗಿರುವಂಥವು. ವಿದ್ಯುತ್ ಕೋಣೆಯಲ್ಲಿ ಫ್ಲೋರೈಡಿನ ಒಂದು ಪಾಲು ಆಮ್ಲೀಯ ನೀರಿನ ಕಡೆ ಸರಿಯಬಹುದು. ಆದ್ರೆ ಎಷ್ಟು ಸರಿಯುತ್ತೆ ಅನ್ನೋದು ನೀರಿನ ಗುಣ, ಹರಿವಿನ ವೇಗ, ತಟ್ಟೆಯ ಸ್ಥಿತಿ ಎಲ್ಲದರ ಮೇಲೆ ನಿಂತಿದೆ. ಮಕ್ಕಳು ಕುಡಿಯುವ ನೀರಿಗೆ ಅಂಥ ಅಂದಾಜು ಸಾಲದು.

ಇನ್ನೊಂದು ವಿಚಾರ ಅನೇಕರಿಗೆ ಗೊತ್ತಿಲ್ಲ. ಫ್ಲೋರೈಡ್ ಹೆಚ್ಚಿರುವ ಬೋರ್ ನೀರು ಸಾಮಾನ್ಯವಾಗಿ ತಾನೇ ಸ್ವಲ್ಪ ಕ್ಷಾರೀಯ ಆಗಿರುತ್ತೆ. ಗ್ರಾನೈಟ್ ಬಂಡೆಯ ಸಂದಿನಲ್ಲಿ ನಿಂತ ನೀರು ಕ್ಷಾರೀಯ ಆದಷ್ಟೂ ಬಂಡೆಯ ಫ್ಲೋರೈಡ್ ಹೆಚ್ಚು ಕರಗುತ್ತೆ. ಹಾಗಾಗಿ "ನಿಮ್ಮ ನೀರು ಆಸಿಡಿಕ್, ನಮ್ಮದು ಆಲ್ಕಲೈನ್" ಅನ್ನುವ ಮಾತು ಈ ಭಾಗದ ಹಲವು ಬೋರ್‌ಗಳಿಗೆ ಹೊಂದಲ್ಲ. ನೀರು ಕ್ಷಾರೀಯ ಆಗಿದ್ದೂ ಕುಡಿಯಲು ಯೋಗ್ಯ ಅಲ್ಲದೇ ಇರಬಹುದು.

ಇಲ್ಲೇ ದೊಡ್ಡ ಅಪಾಯ ಇರೋದು. ವರ್ಷಗಟ್ಟಲೆ ಫ್ಲೋರೈಡ್ ನೀರು ಕುಡಿದವರಿಗೆ ಕೀಲು ನೋವು, ಬಿಗಿತ ಬರುತ್ತೆ. ಮಂಡಿ ನೋವು ಹೋಗುತ್ತೆ ಅಂತ ಲಕ್ಷ ಕೊಟ್ಟು ಯಂತ್ರ ತಂದು, ಅದೇ ಬೋರ್ ನೀರನ್ನು ಅದರ ಮೂಲಕ ಕುಡಿದರೆ, ನೋವಿಗೆ ಕಾರಣವಾದ ವಸ್ತುವೇ ಮತ್ತೆ ಹೊಟ್ಟೆಗೆ ಹೋಗುತ್ತಿರುತ್ತದೆ. ಮೊದಲು ಘಟಕದ ಕ್ಯಾನ್ ನೀರು ಕುಡಿಯುತ್ತಿದ್ದ ಮನೆಯವರು "ಈಗ ಮಷೀನ್ ಬಂತಲ್ಲ" ಅಂತ ಕ್ಯಾನ್ ನಿಲ್ಲಿಸಿದ್ರೆ ಪರಿಸ್ಥಿತಿ ಇನ್ನೂ ಹದಗೆಡುತ್ತೆ.

ಕುದಿಸಿದರೆ ಫ್ಲೋರೈಡ್ ಹೋಗುತ್ತೆ ಅನ್ನೋದೂ ತಪ್ಪು. ಆವಿಯಾಗಿ ಹೋಗೋದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತೆ.

ಮೊದಲ ಕೆಲಸ: ನೀರಿನ ಪರೀಕ್ಷೆ

ಡೆಮೊಗೆ ಬರುವವರ ಟಿಡಿಎಸ್ ಮೀಟರ್ ಪರೀಕ್ಷೆ ಅಲ್ಲ. ಟಿಡಿಎಸ್ ಅಂದ್ರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಅಂದಾಜು. ಅದರಲ್ಲಿ ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಅನ್ನೋದು ಆ ಮೀಟರ್ ಹೇಳಲ್ಲ. ಟಿಡಿಎಸ್ 400 ಇರುವ "ಒಳ್ಳೆ ನೀರಿನಲ್ಲೂ" ಫ್ಲೋರೈಡ್ 2 ಇರಬಹುದು.

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಿವೆ. ಜಲ ಜೀವನ್ ಮಿಷನ್ ಬಂದ ಮೇಲೆ ಸಾರ್ವಜನಿಕರೂ ಅಲ್ಪ ಶುಲ್ಕ ಕೊಟ್ಟು ಮಾದರಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಗ್ರಾಮ ಪಂಚಾಯಿತಿಗಳಿಗೂ ಸ್ಥಳದಲ್ಲೇ ಪರೀಕ್ಷಿಸುವ ಕಿಟ್ ಕೊಡಲಾಗಿದೆ. ಕಿಟ್‌ನಿಂದ ಅಂದಾಜು ಸಿಗುತ್ತೆ. ದುಡ್ಡು ಹಾಕುವ ತೀರ್ಮಾನಕ್ಕೆ ಮಾತ್ರ ಲ್ಯಾಬ್ ರಿಪೋರ್ಟೇ ಬೇಕು.

ಮಾದರಿ ಹಿಡಿಯುವ ಕ್ರಮ ಸರಳ. ಬೋರ್ ಮೋಟರ್ ಹತ್ತು ನಿಮಿಷ ಓಡಿದ ಮೇಲೆ ಹಿಡಿಯಬೇಕು. ಹೊಸ ಅಥವಾ ಚೆನ್ನಾಗಿ ತೊಳೆದ ಒಂದು ಲೀಟರ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು-ಮೂರು ಸಲ ಗಲಬರಿಸಿ ತುಂಬಬೇಕು. ಜ್ಯೂಸ್, ಎಣ್ಣೆ ಬಾಟಲಿ ಬೇಡ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬ್‌ನವರೇ ಕೊಡುವ ಶುಚಿಗೊಳಿಸಿದ ಬಾಟಲಿ ಬೇಕು. ಮನೆಯಲ್ಲಿ ಬೋರ್ ನೀರು, ನಲ್ಲಿ ನೀರು ಎರಡೂ ಬರುತ್ತಿದ್ದರೆ ಎರಡಕ್ಕೂ ಬೇರೆ ಬೇರೆ ಮಾದರಿ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಾಗ ಗುಣವೂ ಬದಲಾಗುತ್ತೆ, ಹಾಗಾಗಿ ಮಳೆಗಾಲದ ಒಂದೇ ರಿಪೋರ್ಟ್ ನಂಬಿ ಕೂರೋದು ಸರಿಯಲ್ಲ.

ರಿಪೋರ್ಟ್ ಓದೋದು ಹೇಗೆ?

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 (2012) ಹೇಳುವ ಮಿತಿಗಳಲ್ಲಿ ಮುಖ್ಯವಾದವು ಹೀಗಿವೆ. ಪಿಎಚ್ ಬಿಟ್ಟು ಉಳಿದೆಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ.

- ಪಿಎಚ್: 6.5ರಿಂದ 8.5
- ಟಿಡಿಎಸ್: 500, ಬೇರೆ ನೀರು ಸಿಗದಿದ್ದರೆ 2000ದವರೆಗೆ
- ಗಡಸುತನ: 200, ಬೇರೆ ನೀರು ಸಿಗದಿದ್ದರೆ 600ರವರೆಗೆ
- ಫ್ಲೋರೈಡ್: 1.0, ಬೇರೆ ನೀರು ಸಿಗದಿದ್ದರೆ 1.5ರವರೆಗೆ
- ನೈಟ್ರೇಟ್: 45, ಇದಕ್ಕೆ ಸಡಿಲಿಕೆ ಇಲ್ಲ

ರಿಪೋರ್ಟ್ ಕೈಗೆ ಬಂದ ಮೇಲೆ ಮೂರು ದಾರಿ.

ಒಂದು: ಫ್ಲೋರೈಡ್ 1.5ಕ್ಕಿಂತ ಹೆಚ್ಚು ಅಥವಾ ನೈಟ್ರೇಟ್ 45ಕ್ಕಿಂತ ಹೆಚ್ಚು. ಆ ಬೋರ್ ನೀರಿಗೆ ಅಯೋನೈಸರ್ ಒಂದನ್ನೇ ಹಾಕಿಸೋದು ಬೇಡವೇ ಬೇಡ. ಇಲ್ಲಿ ಬೇಕಿರೋದು ಆರ್‌ಓ, ಅಥವಾ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು, ಅಥವಾ ನದಿ ಮೂಲದ ನಲ್ಲಿ ನೀರು. ಕುಡಿಯೋಕೆ ಮಾತ್ರ ಅಲ್ಲ, ಅಡುಗೆಗೂ ಇದೇ ನೀರು. ಅನ್ನ, ಬೇಳೆ, ಮುದ್ದೆ ಎಲ್ಲ ನೀರು ಹೀರಿಕೊಂಡೇ ಬೇಯೋದು.

ಎರಡು: ಫ್ಲೋರೈಡ್, ನೈಟ್ರೇಟ್ ಮಿತಿಯೊಳಗೆ, ಗಡಸುತನ ಮಾತ್ರ 200 ದಾಟಿದೆ. ಅಯೋನೈಸರ್ ನಡೆಯುತ್ತೆ, ಆದ್ರೆ ಸುಣ್ಣ ಕಟ್ಟುತ್ತೆ. ಪದೇ ಪದೇ ಸ್ವಚ್ಛ ಮಾಡಿಸುವ ಖರ್ಚಿಗೆ ತಯಾರಿರಬೇಕು. ಉಪ್ಪು ಹಾಕುವ ಸಾಫ್ಟನರ್ ಮೊದಲು ಜೋಡಿಸಬಹುದು. ಅದು ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುವುದರಿಂದ ಬಿಪಿ ಇರುವವರು ಆ ನೀರು ಕುಡಿಯೋ ಮೊದಲು ವೈದ್ಯರನ್ನು ಕೇಳಬೇಕು.

ಮೂರು: ಎಲ್ಲವೂ ಮಿತಿಯೊಳಗೆ, ಗಡಸುತನವೂ ಹದವಾಗಿದೆ. ಅಯೋನೈಸರ್ ಸರಿಯಾಗಿ ಕೆಲಸ ಮಾಡೋದು ಇಂಥ ನೀರಿನಲ್ಲಿ. ತಮಾಷೆ ಅಂದ್ರೆ, ಇಂಥ ನೀರು ಬ್ಯಾಕ್ಟೀರಿಯಾ ಇಲ್ಲದಿದ್ದರೆ ಯಂತ್ರ ಇಲ್ಲದೆಯೂ ಕುಡಿಯೋಕೆ ಯೋಗ್ಯ. ಹಾಗಾಗಿ ಇಲ್ಲಿ ಅಯೋನೈಸರ್ ಇಷ್ಟದ ವಸ್ತುವೇ ಹೊರತು ಅಗತ್ಯದ್ದಲ್ಲ.

ಆರ್‌ಓ ಜೊತೆಗೆ ಅಯೋನೈಸರ್ ಜೋಡಿಸಬಹುದಾ?

ಜೋಡಿಸಬಹುದು, ಸುಲಭ ಮಾತ್ರ ಅಲ್ಲ. ಆರ್‌ಓ ನೀರಿಗೆ ಮತ್ತೆ ಖನಿಜ ಸೇರಿಸುವ ಕಾರ್ಟ್ರಿಡ್ಜ್ ಹಾಕಿದರಷ್ಟೇ ವಿದ್ಯುತ್ ಕೋಣೆ ಕೆಲಸ ಮಾಡುತ್ತೆ. ಗೋಡೆಗೆ ಹಾಕುವ ಸಾಮಾನ್ಯ ಆರ್‌ಓ ಗಂಟೆಗೆ 12ರಿಂದ 15 ಲೀಟರ್ ಕೊಡುತ್ತೆ, ಅಯೋನೈಸರ್ ನಿಮಿಷಕ್ಕೆ ಎರಡು ಲೀಟರ್‌ಗೂ ಹೆಚ್ಚು ಎಳೆಯುತ್ತೆ. ಆರ್‌ಓದ 8-10 ಲೀಟರ್ ತೊಟ್ಟಿ ನಾಲ್ಕೈದು ನಿಮಿಷದಲ್ಲಿ ಬರಿದು. ಹಾಗಾಗಿ ನಡುವೆ ಬೇರೆ ಶೇಖರಣಾ ತೊಟ್ಟಿ, ಸಣ್ಣ ಪಂಪ್ ಬೇಕು. ಆರ್‌ಓದಲ್ಲೂ ನೀರು ಪೋಲು, ಅಯೋನೈಸರ್‌ನಲ್ಲೂ ಪೋಲು. ರುಚಿಗೆ, ಸ್ವಲ್ಪ ಪಿಎಚ್ ಏರಿಕೆಗೆ ಇಷ್ಟೆಲ್ಲ ಬೇಕಾ ಅನ್ನೋದು ಮನೆಯವರು ಕೂತು ಯೋಚಿಸಬೇಕಾದ್ದು. ಖನಿಜ ಸೇರಿಸುವ ಕಾರ್ಟ್ರಿಡ್ಜ್ ಇರುವ ಆರ್‌ಓ ಒಂದರಿಂದಲೇ ಪಿಎಚ್ ಒಂದಿಷ್ಟು ಏರುತ್ತೆ, ರುಚಿಯೂ ಬರುತ್ತೆ.

ಡೆಮೊದ ಗುಟ್ಟು

ಡೆಮೊದಲ್ಲಿ ತೋರಿಸೋದು ಬಹುತೇಕ ನಿಜವಾದ ರಸಾಯನಶಾಸ್ತ್ರವೇ. ಅದರಿಂದ ಆರೋಗ್ಯದ ಲಾಭ ಸಾಬೀತಾಗಲ್ಲ, ಅಷ್ಟೇ.

ಬಣ್ಣದ ಹನಿ: ಅದು ಪಿಎಚ್ ತೋರಿಸುವ ದ್ರಾವಣ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಿನಲ್ಲೂ ಕ್ಷಾರದ ಬಣ್ಣ ಬರುತ್ತೆ.

ಟೀ ಬ್ಯಾಗ್: ಕ್ಷಾರೀಯ ನೀರಿನಲ್ಲಿ ಚಹಾದ ಬಣ್ಣ ಗಾಢವಾಗುತ್ತೆ, ನಿಂಬೆ ಹಿಂಡಿದರೆ ತಿಳಿಯಾಗುತ್ತೆ. ಬಣ್ಣ ಪಿಎಚ್ ಜೊತೆ ಬದಲಾಗುವ ಗುಣ ಅದು. "ನೀರು ದೇಹದೊಳಗೆ ಬೇಗ ಇಳಿಯುತ್ತೆ" ಅನ್ನೋದಕ್ಕೆ ಸಾಕ್ಷಿ ಅಲ್ಲ.

ಅಯೋಡಿನ್ ಮುಲಾಮಿನ ಕಂದು ಬಣ್ಣ ಮಾಯ: ಇದನ್ನು "ಆಂಟಿಆಕ್ಸಿಡೆಂಟ್ ಶಕ್ತಿ" ಅಂತಾರೆ. ಧಾರಾಳವಾಗಿ ನಿಂಬೆರಸ ಹಿಂಡಿದರೂ ಅದೇ ಬಣ್ಣ ಮಾಯವಾಗುತ್ತೆ, ಅದರಲ್ಲಿರುವ ಸಿ ವಿಟಮಿನ್ ಕೆಲಸ ಅದು. ನಿಂಬೆ ಕ್ಷಾರ ಅಲ್ಲ, ಹುಳಿ.

ಎಣ್ಣೆ ನೀರಿನ ಜೊತೆ ಬೆರೆಯುವುದು: ಇಲ್ಲಿ ಬಳಸೋದು ಪಿಎಚ್ 11ರ ಸುತ್ತಮುತ್ತಲಿನ ತೀಕ್ಷ್ಣ ಕ್ಷಾರ ನೀರು. ಬಟ್ಟೆ ಸೋಡಾ ನೀರು ಮಾಡುವ ಕೆಲಸ ಅದೂ ಮಾಡುತ್ತೆ. ಆ ನೀರು ಕುಡಿಯೋಕಲ್ಲ.

ಎರಡು ಕಡ್ಡಿ ಇಳಿಬಿಟ್ಟಾಗ ನಲ್ಲಿ ನೀರು ಕಂದು-ಕಪ್ಪು ಆಗುವುದು: ನೀರಿನ ಕೊಳೆ ಹೊರಬಂತು ಅಂತ ತೋರಿಸ್ತಾರೆ. ನಿಜದಲ್ಲಿ ಕರಗಿ ಬಣ್ಣ ಬಿಡೋದು ಆ ಲೋಹದ ಕಡ್ಡಿಯೇ. ಲವಣ ಇಲ್ಲದ ನೀರಿನಲ್ಲಿ ಕರೆಂಟ್ ಹರಿಯಲ್ಲ, ಬಣ್ಣವೂ ಬರಲ್ಲ. ಈ ಕಡ್ಡಿ ಆಟ ಆರ್‌ಓ ಮಾರುವವರಲ್ಲೂ ಹಳೆಯದು.

ಆರೋಗ್ಯದ ಮಾತು ಎಷ್ಟು ನಿಜ?

ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುತ್ತೆ. ಅದನ್ನು ಕಾಯೋದು ಶ್ವಾಸಕೋಶ ಮತ್ತು ಕಿಡ್ನಿ. ಕುಡಿದ ನೀರು ಮೊದಲು ಸೇರೋದು ಹೊಟ್ಟೆಯ ತೀಕ್ಷ್ಣ ಆಮ್ಲಕ್ಕೆ. ಹಾಗಾಗಿ ಪಿಎಚ್ 9ರ ನೀರು ಕುಡಿದು "ರಕ್ತ ಆಲ್ಕಲೈನ್ ಆಗುತ್ತೆ" ಅನ್ನೋದು ದೇಹದ ಕೆಲಸಕ್ಕೆ ಹೊಂದದ ಮಾತು.

ಈ ಯಂತ್ರಗಳು ಜಪಾನಿನಲ್ಲಿ ಬಳಕೆಗೆ ಬಂದವು. ಅಲ್ಲಿನ ಸರ್ಕಾರ 1960ರ ದಶಕದಲ್ಲೇ ಇವನ್ನು ಮನೆಬಳಕೆಯ ವೈದ್ಯಕೀಯ ಸಾಧನ ಅಂತ ಒಪ್ಪಿದ್ದು ಹೌದು. ಆದ್ರೆ ಆ ಒಪ್ಪಿಗೆ ಅಜೀರ್ಣ, ಹೊಟ್ಟೆ ಹುಳಿಯಂಥ ಹೊಟ್ಟೆ-ಕರುಳಿನ ತೊಂದರೆಗಳಿಗೆ ಮಾತ್ರ ಸೀಮಿತ. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಬಿಪಿ, ಸಂಧಿವಾತ ಗುಣವಾಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಇನ್ಸುಲಿನ್ ಆಗಲಿ ಬಿಪಿ ಮಾತ್ರೆ ಆಗಲಿ ಇದರ ನಂಬಿಕೆಯಲ್ಲಿ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ.

ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಮಾತ್ರೆ ನುಂಗೋಕೆ ಕ್ಷಾರೀಯ ನೀರು ಬೇಡ, ಕೆಲವು ಔಷಧಿಗಳು ಕರಗುವ ಜಾಗ, ಹೊತ್ತು ಬದಲಾಗಬಹುದು. ಹಸುಗೂಸಿನ ಹಾಲಿನ ಪುಡಿ ಕಲಸೋಕೂ ಬಳಸಬಾರದು.

ಯಂತ್ರ ಆಯ್ಕೆ: ದುಡ್ಡು ಕೊಡೋ ಮೊದಲು ಕೇಳಬೇಕಾದ್ದು

ಇಷ್ಟು ತಿಳಿದ ಮೇಲೂ ನೀರು ಹೊಂದುತ್ತದೆ, ಯಂತ್ರ ಬೇಕು ಅನ್ನುವವರು ಈ ಪ್ರಶ್ನೆಗಳಿಗೆ ಬರಹದಲ್ಲೇ ಉತ್ತರ ಪಡೆಯಬೇಕು.

- ಲ್ಯಾಬ್ ರಿಪೋರ್ಟ್ ತೋರಿಸಿ: ಈ ನೀರಿಗೆ ಈ ಮಾಡೆಲ್ ನಡೆಯುತ್ತಾ? ಎಷ್ಟು ಗಡಸುತನ, ಎಷ್ಟು ಟಿಡಿಎಸ್‌ವರೆಗೆ?
- ಗಡಸು ನೀರಿನಿಂದ ಸುಣ್ಣ ಕಟ್ಟಿದರೆ ವಾರಂಟಿ ಇದೆಯಾ, ಇಲ್ಲವಾ? ದೊಡ್ಡ ಅಕ್ಷರದ "5 ವರ್ಷ ವಾರಂಟಿ" ಕೆಳಗಿನ ಸಣ್ಣ ಅಕ್ಷರ ಓದಬೇಕು.
- ಫಿಲ್ಟರ್ ಎಷ್ಟು ಲೀಟರಿಗೆ ಅಥವಾ ಎಷ್ಟು ತಿಂಗಳಿಗೆ ಬದಲಿಸಬೇಕು, ಈಗಿನ ಬೆಲೆ ಎಷ್ಟು?
- ತಟ್ಟೆ ತಾನಾಗೇ ಸ್ವಚ್ಛ ಆಗುವ ವ್ಯವಸ್ಥೆ ಇದೆಯಾ?
- ರಿಪೇರಿಗೆ ಬರುವವರು ತುಮಕೂರಿನವರಾ, ಬೆಂಗಳೂರಿನವರಾ? ಎಷ್ಟು ದಿನದಲ್ಲಿ ಬರ್ತಾರೆ?
- ಜಿಎಸ್‌ಟಿ ಸಂಖ್ಯೆ ಇರುವ ಬಿಲ್ ಯಾರ ಹೆಸರಲ್ಲಿ ಬರುತ್ತೆ?

ತಟ್ಟೆಗಳ ಸಂಖ್ಯೆ ಹೆಚ್ಚಿದ್ರೆ ಯಂತ್ರ ಒಳ್ಳೇದು ಅನ್ನೋದು ಅರ್ಧ ಸತ್ಯ. ತಟ್ಟೆಯ ಅಗಲ, ಲೇಪನದ ಗುಣಮಟ್ಟ, ಹರಿವಿನ ವೇಗ ಎಲ್ಲವೂ ಸೇರುತ್ತೆ. ಐಎಸ್‌ಓ 9001 ಅನ್ನೋದು ಕಂಪನಿಯ ಕೆಲಸದ ವ್ಯವಸ್ಥೆಗೆ ಸಿಗುವ ಪ್ರಮಾಣಪತ್ರ, ನೀರು ಕಾಯಿಲೆ ವಾಸಿ ಮಾಡುತ್ತೆ ಅನ್ನೋದಕ್ಕೆ ಅಲ್ಲ.

ಅಳವಡಿಕೆ: ನಮ್ಮ ಕಡೆ ಮನೆಗಳಲ್ಲಿ ತಪ್ಪೋದು ಎಲ್ಲಿ?

ನೀರಿನ ಒತ್ತಡ: ತಾರಸಿ ಮೇಲಿನ ಸಿಂಟೆಕ್ಸ್‌ನಿಂದ ಅಡುಗೆಮನೆ ನಲ್ಲಿಗೆ ಹತ್ತು ಅಡಿ ಎತ್ತರ ಇದ್ದರೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 0.3 ಕೆಜಿ ಮಾತ್ರ. ಅನೇಕ ಯಂತ್ರಗಳಿಗೆ ಇದು ಸಾಲಲ್ಲ. ಕೈಪಿಡಿಯಲ್ಲಿ ಕನಿಷ್ಠ ಒತ್ತಡ ಎಷ್ಟು ಅಂತ ನೋಡಿ, ಬೇಕಿದ್ರೆ ಸಣ್ಣ ಬೂಸ್ಟರ್ ಪಂಪ್ ಹಾಕಿಸಬೇಕು. ಆ ಖರ್ಚು ಯಾರದ್ದು ಅನ್ನೋದು ಮೊದಲೇ ಮಾತಾಗಲಿ.

ಬಿಸಿನೀರಿನ ಪೈಪ್ ಬೇಡ: ಸೋಲಾರ್ ಅಥವಾ ಗೀಸರ್‌ಗೆ ಸೇರಿದ ಮಿಕ್ಸರ್ ನಲ್ಲಿಗೆ ಜೋಡಿಸಬಾರದು. ಬಿಸಿನೀರು ಒಳಗಿನ ಪೊರೆ, ಫಿಲ್ಟರ್ ಎರಡನ್ನೂ ಹಾಳು ಮಾಡುತ್ತೆ. ತಣ್ಣೀರಿನ ಪೈಪಿಗೆ ಪ್ರತ್ಯೇಕ ವಾಲ್ವ್ ಇರಲಿ.

ಮುಂಚಿನ ಫಿಲ್ಟರ್: ಬೋರ್ ನೀರಿನ ಮಣ್ಣು-ಮರಳು ತಡೆಯಲು ಯಂತ್ರಕ್ಕೂ ಮೊದಲು 5 ಮೈಕ್ರಾನ್ ಕ್ಯಾಂಡಲ್ ಫಿಲ್ಟರ್ ಹಾಕಬೇಕು. ವರ್ಷಗಳಿಂದ ತೊಳೆಯದ ಟ್ಯಾಂಕ್ ಇದ್ದರೆ ಯಂತ್ರ ಬರೋ ಮೊದಲು ಟ್ಯಾಂಕ್ ತೊಳೆಸುವುದು ಒಳ್ಳೇದು.

ಕರೆಂಟ್: ಯಂತ್ರ ಬಳಸುವ ವಿದ್ಯುತ್ ಮಿಕ್ಸಿಗಿಂತ ಕಮ್ಮಿಯೇ. ಆದ್ರೆ ನೀರಿನ ಪಕ್ಕ ಇರುವ ಯಂತ್ರ ಆದ್ದರಿಂದ ಅರ್ಥಿಂಗ್ ಸರಿಯಿರುವ ಮೂರು ಪಿನ್ ಸಾಕೆಟ್ ಕಡ್ಡಾಯ. ಸಾಕೆಟ್ ಸಿಂಕಿನ ನೇರಕ್ಕೆ ಬೇಡ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ವೋಲ್ಟೇಜ್ ಏರಿಳಿಯುವ ಊರುಗಳಲ್ಲಿ ಸ್ಟೆಬಿಲೈಸರ್ ಹಾಕಿಸಬೇಕು.

ಆಮ್ಲೀಯ ನೀರಿನ ಪೈಪ್: ಇದನ್ನು ಮಡಿಸಿ, ಮುಚ್ಚಿ, ಯಂತ್ರಕ್ಕಿಂತ ಎತ್ತರಕ್ಕೆ ಕಟ್ಟಬಾರದು. ಬಕೆಟ್‌ಗೆ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ತಾಮ್ರ, ಹಿತ್ತಾಳೆ, ಕಬ್ಬಿಣದ ಪಾತ್ರೆಯಲ್ಲಿ ತುಂಬಿಡಬಾರದು.

ಜೋಡಿಸಿದ ದಿನ: ಕೈಪಿಡಿ ಹೇಳಿದಷ್ಟು ಹೊತ್ತು ನೀರು ಹರಿಯಬಿಟ್ಟು ಹೊರಚೆಲ್ಲಬೇಕು. ಮೊದಲು ಬರುವ ಕಪ್ಪು ಬಣ್ಣ ಇದ್ದಿಲ ಪುಡಿಯದ್ದು. ಆಮೇಲೆ ಕುಡಿಯುವ ನೀರಿನ ಒಂದು ಮಾದರಿ ಮತ್ತೆ ಲ್ಯಾಬ್‌ಗೆ ಹೋಗಲಿ. ಯಂತ್ರದ ಮೊದಲು ಫ್ಲೋರೈಡ್ ಎಷ್ಟಿತ್ತು, ಆಮೇಲೆ ಎಷ್ಟಿದೆ ಅನ್ನೋದನ್ನು ಕಾಗದವೇ ಹೇಳುತ್ತೆ.

ದಿನದ ಬಳಕೆ

ಮೊದಲ ವಾರ ಕಡಿಮೆ ಪಿಎಚ್ ಮಟ್ಟದಲ್ಲಿ ಶುರು ಮಾಡುವಂತೆ ಕೈಪಿಡಿಗಳು ಹೇಳುತ್ತವೆ. ಪಿಎಚ್ 10 ದಾಟಿದ ನೀರು ಕುಡಿಯಬಾರದು. ತೀಕ್ಷ್ಣ ಆಮ್ಲ, ತೀಕ್ಷ್ಣ ಕ್ಷಾರ ಗುಂಡಿಗಳು ಸ್ವಚ್ಛತೆಗೆ ಮಾತ್ರ, ಮಕ್ಕಳ ಕೈಗೆ ಸಿಗದಂತೆ ಲಾಕ್ ಇರಲಿ. ಉಪ್ಪಿನ ದ್ರಾವಣ ಹಾಕಿ ತೀಕ್ಷ್ಣ ನೀರು ತಯಾರಿಸುವಾಗ ಕ್ಲೋರಿನ್ ಘಾಟು ಬರುತ್ತೆ, ಕಿಟಕಿ ತೆಗೆದಿರಬೇಕು.

ಹೈಡ್ರೋಜನ್ ಲಾಭ ಅಂತ ಕೊಳ್ಳುವವರು ಒಂದು ತಿಳಿದಿರಲಿ: ಅದು ತುಂಬ ಹಗುರ ಅನಿಲ, ಬಾಟಲಿಯಲ್ಲಿ ಹಿಡಿದಿಟ್ಟು ಸಂಜೆ ಕುಡಿಯೋ ಹೊತ್ತಿಗೆ ಬಹುಪಾಲು ಹಾರಿಹೋಗಿರುತ್ತೆ.

ಇದ್ದಿಲು ಕ್ಲೋರಿನ್ ತೆಗೆದ ನೀರು ಹೆಚ್ಚು ದಿನ ಇಟ್ಟರೆ ಕೆಡುತ್ತೆ. ನಾಲ್ಕು ದಿನ ಊರಿಗೆ ಹೋಗಿ ಬಂದ ಮೇಲೆ ಒಂದೆರಡು ನಿಮಿಷ ನೀರು ಹರಿಯಬಿಟ್ಟೇ ಕುಡಿಯಬೇಕು.

ಹತ್ತು ವರ್ಷದ ಲೆಕ್ಕ

ಉದಾಹರಣೆಗೆ ಯಂತ್ರ 1,50,000 ರೂಪಾಯಿ, ಫಿಲ್ಟರ್ ವರ್ಷಕ್ಕೆ 6,000, ಸರ್ವೀಸ್ 2,000 ಅಂತ ಹಿಡಿಯೋಣ. ಹತ್ತು ವರ್ಷಕ್ಕೆ ಒಟ್ಟು 2,30,000 ರೂಪಾಯಿ, ಅಂದ್ರೆ ದಿನಕ್ಕೆ ಸುಮಾರು 63 ರೂಪಾಯಿ. ಇದಕ್ಕೆ ಇಎಂಐ ಬಡ್ಡಿ, ಪಂಪ್, ಸ್ಟೆಬಿಲೈಸರ್ ಸೇರಿಲ್ಲ. ತಮ್ಮ ಯಂತ್ರದ ಬೆಲೆ ಹಾಕಿ ಪ್ರತಿ ಮನೆಯವರೂ ಈ ಲೆಕ್ಕ ಮಾಡಬಹುದು.

ಪಕ್ಕದಲ್ಲಿ ಇನ್ನೊಂದು ಲೆಕ್ಕ. 100 ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕು ಅಂದ್ರೆ 10,000 ಲೀಟರ್ ಸಂಪು 400 ದಿನ ಬರುತ್ತೆ. ಮೊದಲ ಮಳೆ ಹೊರಬಿಟ್ಟು, ಸೋಸಿ, ಬೆಳಕು ಬೀಳದಂತೆ ಮುಚ್ಚಿಟ್ಟು, ಕುಡಿಯೋ ಮುಂಚೆ ಕುದಿಸಿದರೆ ಆಯ್ತು. ಮಳೆ ನೀರಿನಲ್ಲಿ ಬಂಡೆಯ ಫ್ಲೋರೈಡ್ ಇರಲ್ಲ. ಬರದ ತಾಲೂಕಿಗೂ ಈ ಲೆಕ್ಕ ಹೊಂದುತ್ತೆ.

ಅಂಗಡಿ, ಹೋಟೆಲ್‌ನವರು ಗಮನಿಸಬೇಕಾದ್ದು

"ನೀವು ಕೊಂಡು ಇನ್ನೂ ನಾಲ್ಕು ಜನಕ್ಕೆ ಕೊಡಿಸಿ, ಕಮಿಷನ್‌ನಲ್ಲೇ ದುಡ್ಡು ವಾಪಸ್" ಅನ್ನುವ ಮಾತು ಅಂಗಡಿಯವರಿಗೇ ಹೆಚ್ಚು ಬರುತ್ತೆ, ಯಾಕಂದ್ರೆ ಊರಿನ ಪರಿಚಯ ಇರೋದು ಅವರಿಗೆ. ನೇರ ಮಾರಾಟಕ್ಕೆ 2021ರ ಗ್ರಾಹಕ ಸಂರಕ್ಷಣಾ ನಿಯಮಗಳಿವೆ. ಪಿರಮಿಡ್ ಯೋಜನೆ, ಹಣ ಸುತ್ತಾಟದ ಯೋಜನೆ ಎರಡೂ ನಿಷಿದ್ಧ. ಮನೆಗೆ ಬರುವ ಮಾರಾಟಗಾರರ ಹತ್ತಿರ ಗುರುತಿನ ಚೀಟಿ ಇರಬೇಕು, ಮೊದಲೇ ಕೇಳಿ ಬರಬೇಕು.

ಯಂತ್ರದ ಪಕ್ಕ "ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣವಾಗುತ್ತದೆ" ಅಂತ ಬೋರ್ಡ್ ಹಾಕಿದರೆ, ಪಾಂಪ್ಲೆಟ್ ಹಂಚಿದರೆ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಅನ್ವಯ ಆಗಬಹುದು. ಮೊದಲ ಅಪರಾಧಕ್ಕೇ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಬಾಟಲಿಗೆ ತುಂಬಿ ಸೀಲ್ ಮಾಡಿ "ಆಲ್ಕಲೈನ್ ವಾಟರ್" ಅಂತ ಮಾರಲು ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು.

ಕೊಂಡಾಗಿದೆ, ಮೋಸ ಅನ್ನಿಸ್ತಿದೆ, ಏನು ಮಾಡೋದು?

ಮೊದಲು ಬಿಲ್, ವಾರಂಟಿ ಕಾರ್ಡ್, ವಾಟ್ಸ್‌ಆಪ್ ಮಾತು, ಪಾಂಪ್ಲೆಟ್, ಲ್ಯಾಬ್ ರಿಪೋರ್ಟ್ ಒಂದು ಕಡೆ ಸೇರಿಸಬೇಕು. ಮಾರಾಟಗಾರರಿಗೆ ಬರಹದಲ್ಲಿ ದೂರು ಕೊಡಬೇಕು. ಸರಿಹೋಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಾದ ಮೇಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ತೊಂದರೆ ಶುರುವಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

ಯಂತ್ರ ಈಗಾಗಲೇ ಮನೆಯಲ್ಲಿದೆ, ನೀರು ಮಾತ್ರ ಪರೀಕ್ಷೆ ಆಗಿಲ್ಲ ಅನ್ನುವವರು ಗಾಬರಿಯಾಗಬೇಕಿಲ್ಲ. ಒಂದು ಬಾಟಲಿ ಬೋರ್ ನೀರು, ಇನ್ನೊಂದು ಬಾಟಲಿ ಯಂತ್ರದ ನೀರು, ಎರಡಕ್ಕೂ ಹೆಸರು ಬರೆದು ಲ್ಯಾಬ್‌ಗೆ ಕೊಟ್ಟರೆ ಸಾಕು. ರಿಪೋರ್ಟ್ ಬರೋವರೆಗೆ ಮಕ್ಕಳಿಗೆ, ಬಸುರಿ-ಬಾಣಂತಿಯರಿಗೆ ಘಟಕದ ನೀರು ಕೊಡೋದು ಕ್ಷೇಮ.